ಬಂದೂಕಿದೆ, ಗುಂಡು ಸಿಗುತ್ತಿಲ್ಲ: ಅಮೆರಿಕದ 18-21ರ ಗೊಂದಲ ಬಿಡಿಸಿದರೆ

ಅಮೆರಿಕದ ಕೊಲರಾಡೊ ರಾಜ್ಯ 2025ರಲ್ಲಿ ಒಂದು ಕಾನೂನು ಮಾಡಿತು. 21 ವರ್ಷ ತುಂಬದವರಿಗೆ ಬಂದೂಕಿನ ಗುಂಡು ಮಾರುವಂತಿಲ್ಲ. ಕೆಲವರಿಗೆ ಮಾತ್ರ ವಿನಾಯಿತಿ. ಗುಂಡಿನ ಪೊಟ್ಟಣಗಳನ್ನು ಗಿರಾಕಿಯ ಕೈಗೆ ನೇರವಾಗಿ ಸಿಗುವ ಹಾಗೆ ಇಡುವಂತೆಯೂ ಇಲ್ಲ. ಜಾರಿಗೆ ಗೊತ್ತುಮಾಡಿದ ದಿನ 2026ರ ಜುಲೈ 1.

ಅದೇ 2025ರಲ್ಲಿ ಎರಡು ಮೇಲ್ಮನವಿ ನ್ಯಾಯಾಲಯಗಳು ಒಂದೇ ಪ್ರಶ್ನೆಗೆ ತದ್ವಿರುದ್ಧ ಉತ್ತರ ಕೊಟ್ಟವು. 18ರಿಂದ 20ರ ವಯಸ್ಸಿನವರಿಗೆ ಅಂಗಡಿಯವರು ಪಿಸ್ತೂಲು ಮಾರಬಾರದು ಎಂಬ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದಿತು ಒಂದು ಕೋರ್ಟು, ಜನವರಿಯಲ್ಲಿ. ಇಲ್ಲ, ನಿಷೇಧ ಸರಿಯಾಗಿಯೇ ಇದೆ ಎಂದಿತು ಇನ್ನೊಂದು, ಜೂನ್‌ನಲ್ಲಿ. ಅದಕ್ಕೂ ಒಂದು ವರ್ಷ ಮೊದಲು, ಅಲಬಾಮ, ಓಕ್ಲಹೋಮ, ಟೆಕ್ಸಸ್‌ನ ಕೆಲವು ದಿನಸಿ ಅಂಗಡಿಗಳಲ್ಲಿ ಗುಂಡು ಮಾರುವ ಯಂತ್ರಗಳು ಬಂದು ಕೂತಿದ್ದವು. ಹಾಲು, ಮೊಟ್ಟೆ ಕೊಂಡು ಹೊರಡುವಾಗ ಒಂದು ಪೊಟ್ಟಣ ಗುಂಡನ್ನೂ ಕೊಳ್ಳಬಹುದು!

ಈ ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. 20 ವರ್ಷದವನು ಅಮೆರಿಕದಲ್ಲಿ ಗುಂಡು ಕೊಳ್ಳಬಹುದೋ ಇಲ್ಲವೋ? ಒಂದೇ ಮಾತಿನ ಉತ್ತರ ಇಲ್ಲ. ಯಾವ ಗುಂಡು, ಯಾವ ರಾಜ್ಯ, ಯಾವ ಅಂಗಡಿ, ಆ ಅಂಗಡಿಗೆ ಯಾವ ಪರವಾನಗಿ ಇದೆ ಎಂಬ ನಾಲ್ಕು ಪ್ರಶ್ನೆಗಳ ಮೇಲೆ ಉತ್ತರ ನಿಂತಿದೆ. ಚರ್ಚೆಯೆಲ್ಲ 18 ಸರಿಯೋ 21 ಸರಿಯೋ ಎಂಬುದರ ಸುತ್ತ ನಡೆಯುತ್ತಿದೆ. ಆದರೆ ಆ ಸಂಖ್ಯೆಯನ್ನು ಕೌಂಟರಿನಲ್ಲಿ ಯಾರು ಪರೀಕ್ಷಿಸುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅದರ ಮೇಲೆ ಬೆಳಕು ಬೀಳುತ್ತಿರುವುದು ತೀರಾ ಕಡಿಮೆ.

ಗುಂಡಿನ ವಯಸ್ಸು ಬಂದೂಕಿನಿಂದ ಬಂತು

ಕಥೆ ಶುರುವಾಗುವುದು 1960ರ ದಶಕದಲ್ಲಿ. 1963ರಲ್ಲಿ ಅಧ್ಯಕ್ಷ ಜಾನ್ ಕೆನಡಿಯವರನ್ನು ಕೊಂದ ರೈಫಲ್ ಅಂಚೆಯಲ್ಲಿ ತರಿಸಿಕೊಂಡದ್ದು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ಇವತ್ತಿಗೂ ಕೇಂದ್ರ ಸರ್ಕಾರದ ಮಟ್ಟದಲ್ಲಿ ಇದೇ ಅಡಿಪಾಯ.

ಆ ಕಾಯ್ದೆ ಬಂದೂಕುಗಳನ್ನು ಎರಡು ಗುಂಪು ಮಾಡಿತು. ರೈಫಲ್ ಮತ್ತು ಶಾಟ್‌ಗನ್ ಒಂದು ಗುಂಪು. ಪಿಸ್ತೂಲು, ರಿವಾಲ್ವರ್ ಇನ್ನೊಂದು. ಪರವಾನಗಿ ಪಡೆದ ಬಂದೂಕು ವ್ಯಾಪಾರಿ 18 ತುಂಬಿದವರಿಗೆ ಮೊದಲ ಗುಂಪಿನದನ್ನು ಮಾರಬಹುದು. ಎರಡನೆಯದಕ್ಕೆ 21 ಆಗಿರಬೇಕು. ಗುಂಡಿಗೂ ಇದೇ ಲೆಕ್ಕ: ರೈಫಲ್ಲಿನ ಗುಂಡಿಗೆ 18, ಪಿಸ್ತೂಲಿನ ಗುಂಡಿಗೆ 21.

ಈ ಭೇದ ಯಾಕೆ? ಆಗಿನ ಶಾಸಕರ ಕಣ್ಣಲ್ಲಿ ರೈಫಲ್ ಅಂದರೆ ಬೇಟೆ, ಹೊಲ, ಹಳ್ಳಿ. ಹದಿನೆಂಟರ ಹುಡುಗ ಅಪ್ಪನ ಜೊತೆ ಜಿಂಕೆ ಬೇಟೆಗೆ ಹೋಗುವುದು ಅಲ್ಲಿ ಮಾಮೂಲು. ಪಿಸ್ತೂಲು ಅಂದರೆ ಜೇಬಿನಲ್ಲಿ ಬಚ್ಚಿಡುವ ವಸ್ತು, ಊರಿನ ಅಪರಾಧದ ಸಾಧನ. ಅದಕ್ಕೇ ಅದರ ಮೇಲೆ ಬಿಗಿ ಜಾಸ್ತಿ. ಐವತ್ತು ವರ್ಷಕ್ಕೂ ಹಿಂದಿನ ಈ ಚಿತ್ರದ ಮೇಲೆಯೇ ಇವತ್ತಿನ ನಿಯಮ ನಿಂತಿದೆ. ಈಗ ಶಾಲೆಗಳಿಗೆ ನುಗ್ಗುವ ಹಂತಕರ ಕೈಯಲ್ಲಿ ಹಲವು ಸಲ ಕಾಣುವುದು ರೈಫಲ್. ಆದರೆ ಕೇಂದ್ರದ ಕಾನೂನಿನಲ್ಲಿ ರೈಫಲ್ ಇನ್ನೂ ಸಾಧು ವಸ್ತುವೇ.

ಒಂದೇ ಗುಂಡು, ಎರಡು ಬಂದೂಕು

ಇಲ್ಲೊಂದು ಗಂಟಿದೆ. ಅಂಗಡಿಗಳ ಜಗಳ ಹೆಚ್ಚಿನದೆಲ್ಲ ಹುಟ್ಟುವುದು ಇದರಿಂದಲೇ.

ಬಂದೂಕನ್ನು ನೋಡಿದರೆ ಇದು ರೈಫಲ್, ಇದು ಪಿಸ್ತೂಲು ಎಂದು ಹೇಳಬಹುದು. ಗುಂಡನ್ನು ನೋಡಿ ಹಾಗೆ ಹೇಳಲು ಆಗುವುದಿಲ್ಲ. .22 ಎಂಬ ಅಳತೆಯ ಸಣ್ಣ ಗುಂಡನ್ನೇ ತೆಗೆದುಕೊಳ್ಳಿ. ಮಕ್ಕಳು ಗುರಿ ಹೊಡೆಯುವುದನ್ನು ಕಲಿಯುವ ರೈಫಲ್ಲಿಗೆ ಅದೇ ಬೇಕು. .22 ಪಿಸ್ತೂಲಿಗೂ ಅದೇ ಬೇಕು. 9 ಎಂಎಂ ಗುಂಡು ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಪಿಸ್ತೂಲು. ಆದರೆ 9 ಎಂಎಂ ಹಾರಿಸುವ ಕಾರ್ಬೈನ್ ಎಂಬ ಗಿಡ್ಡ ರೈಫಲ್ಲುಗಳು ಅಂಗಡಿಯಲ್ಲಿ ಸಿಗುತ್ತವೆ. ಕಾನೂನಿನ ಪ್ರಕಾರ ಅವು ರೈಫಲ್ ಗುಂಪಿಗೇ ಸೇರುತ್ತವೆ. ಪೊಟ್ಟಣ ಒಂದೇ, ಬೆಲೆ ಒಂದೇ. ಮನೆಯಲ್ಲಿ ಯಾವ ಬಂದೂಕಿದೆ ಎಂಬುದರ ಮೇಲೆ ಮಾತ್ರ ವಯಸ್ಸು ಬದಲಾಗುತ್ತದೆ.

ಹಾಗಾದರೆ ಅಂಗಡಿಯವನು ಏನು ಮಾಡಬೇಕು? ಕೇಂದ್ರದ ನಿಯಮ ಹೇಳುವುದಿಷ್ಟು. ಗಿರಾಕಿಗೆ 18 ತುಂಬಿದ್ದು, ಈ ಗುಂಡನ್ನು ಅವನು ರೈಫಲ್ಲಿಗೇ ಬಳಸುತ್ತಾನೆ ಎಂದು ವ್ಯಾಪಾರಿಗೆ ಮನವರಿಕೆಯಾದರೆ ಮಾರಬಹುದು. ಮನವರಿಕೆ ಹೇಗೆ ಆಗಬೇಕು? ‘ಇದು ಯಾವುದಕ್ಕೆ?’ ಎಂದು ಕೇಳಬೇಕು. ‘ರೈಫಲ್ಲಿಗೆ’ ಎಂಬ ಉತ್ತರ ಬರುತ್ತದೆ. ಅಷ್ಟೇ. ಮನೆಗೆ ಹೋಗಿ ನೋಡಿ ಬರುವವರಿಲ್ಲ.

ಕೌಂಟರಿನ ಹಿಂದೆ ನಿಂತ ಕೆಲಸಗಾರನ ಜಾಗದಲ್ಲಿ ನಿಂತು ಯೋಚಿಸಿ. ಗಂಟೆಯ ಸಂಬಳಕ್ಕೆ ದುಡಿಯುವ ಹುಡುಗ ಅಥವಾ ಹುಡುಗಿ. ಬೆಳಿಗ್ಗೆ ಮೀನಿನ ಗಾಳ ಮಾರಿರುತ್ತಾರೆ, ಮಧ್ಯಾಹ್ನ ಟೆಂಟು ಮಾರಿರುತ್ತಾರೆ. ಸಂಜೆ ಒಬ್ಬ 19ರ ಹುಡುಗ ಬಂದು 9 ಎಂಎಂ ಪೊಟ್ಟಣ ಕೇಳುತ್ತಾನೆ. ಅವನ ಮುಖ ನೋಡಿ ಸತ್ಯ ಹೇಳುತ್ತಿದ್ದಾನೋ ಇಲ್ಲವೋ ಎಂದು ಇವರು ತೀರ್ಮಾನ ಮಾಡಬೇಕು. ತಪ್ಪಿದರೆ ಅಂಗಡಿಯ ಪರವಾನಗಿಗೇ ಕುತ್ತು. ಇಷ್ಟು ಭಾರದ ತೀರ್ಮಾನವನ್ನು ಅಷ್ಟು ಕಡಿಮೆ ಮಾಹಿತಿಯ ಮೇಲೆ ಯಾರ ತಲೆಯ ಮೇಲೂ ಹೊರಿಸಬಾರದು.

ದೊಡ್ಡ ಅಂಗಡಿಗಳು ‘ನಮ್ಮಲ್ಲಿ ಎಲ್ಲ ಗುಂಡಿಗೂ 21’ ಎಂದು ಬೋರ್ಡು ಹಾಕಿದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಹೊರಗಿನವರಿಗೆ ಅದು ರಾಜಕೀಯ ನಿಲುವಾಗಿ ಕಾಣುತ್ತದೆ. ಒಳಗಿನಿಂದ ನೋಡಿದರೆ, ಉತ್ತರ ಗೊತ್ತಾಗದ ಪ್ರಶ್ನೆಯನ್ನು ಕೇಳುವ ಕೆಲಸವೇ ತಪ್ಪುತ್ತದೆ. ಗುರುತಿನ ಚೀಟಿಯಲ್ಲಿ ಹುಟ್ಟಿದ ತಾರೀಕು ನೋಡಿದರೆ ಮುಗಿಯಿತು.

1986: ಪುಸ್ತಕ ಮುಚ್ಚಿದ ವರ್ಷ

1968ರ ಕಾಯ್ದೆಯಲ್ಲಿ ವಯಸ್ಸಿನ ಜೊತೆಗೆ ಇನ್ನೂ ಒಂದೆರಡು ಬಿಗಿಗಳಿದ್ದವು. ಗುಂಡು ಮಾರಲು ಪರವಾನಗಿ ಬೇಕಿತ್ತು. ಕೊಂಡವರ ವಿವರವನ್ನು ವ್ಯಾಪಾರಿ ಪುಸ್ತಕದಲ್ಲಿ ಬರೆದಿಡಬೇಕಿತ್ತು. ರಾಜ್ಯದಿಂದ ರಾಜ್ಯಕ್ಕೆ ಅಂಚೆ-ಪಾರ್ಸೆಲ್ ಮೂಲಕ ಸಾಮಾನ್ಯರಿಗೆ ಗುಂಡು ಕಳಿಸುವುದಕ್ಕೂ ತಡೆ ಇತ್ತು.

1986ರಲ್ಲಿ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆ ಬಂತು. ಈ ಬಿಗಿಗಳು ಬಿಚ್ಚಿಕೊಂಡವು. ಲಕ್ಷಾಂತರ ಪೊಟ್ಟಣಗಳ ಲೆಕ್ಕ ಬರೆಯುವುದರಿಂದ ಅಪರಾಧ ಪತ್ತೆಗೆ ಹೇಳಿಕೊಳ್ಳುವಂಥ ಉಪಯೋಗ ಆಗುತ್ತಿಲ್ಲ, ಬೇಟೆಗಾರರಿಗೂ ವ್ಯಾಪಾರಿಗಳಿಗೂ ಸುಮ್ನೆ ತೊಂದರೆ ಎಂಬುದು ಆಗಿನ ವಾದ. ಕಾಗದದ ಪುಸ್ತಕಗಳ ಕಾಲದಲ್ಲಿ ಆ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಇಂಟರ್‌ನೆಟ್‌ನಲ್ಲಿ ಗುಂಡು ಮಾರುವ ದಿನ ಬರುತ್ತದೆ ಎಂದು ಆಗ ಯಾರು ಊಹಿಸಿದ್ದರು?

ಪರಿಣಾಮ ಏನಾಯಿತು ನೋಡಿ. ಬಂದೂಕು ಮಾರಲು ಇವತ್ತಿಗೂ ಕೇಂದ್ರದ ಪರವಾನಗಿ ಬೇಕು. ಬರೀ ಗುಂಡು ಮಾರಲು ಬೇಡ. ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಪರವಾನಗಿದಾರ ವ್ಯಾಪಾರಿ ಪರೀಕ್ಷಿಸಬೇಕು. ಗುಂಡು ಕೊಳ್ಳುವವರಿಗೆ ಕೇಂದ್ರದ ಕಾನೂನಿನಲ್ಲಿ ಅಂಥ ಪರೀಕ್ಷೆಯೇ ಇಲ್ಲ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು ಗುಂಡನ್ನು ಇಟ್ಟುಕೊಳ್ಳುವುದೂ ಅಪರಾಧವೇ. ಆದರೆ ಕೌಂಟರಿನಲ್ಲಿ ಅದನ್ನು ತಿಳಿಯುವ ದಾರಿಯನ್ನು ಕೇಂದ್ರದ ಕಾನೂನು ಕೊಟ್ಟಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಬಹಳ ಜನ ಅಮೆರಿಕನ್ನರಿಗೂ ಇದು ಗೊತ್ತಿರಲಿಕ್ಕಿಲ್ಲ. 18 ಮತ್ತು 21ರ ಆ ನಿಯಮ ಕಟ್ಟಿಹಾಕುವುದು ‘ಪರವಾನಗಿ ಪಡೆದ’ ವ್ಯಾಪಾರಿಯನ್ನು ಮಾತ್ರ. ಪರವಾನಗಿಯೇ ಇಲ್ಲದೆ ಬರೀ ಗುಂಡು ಮಾರುವವನಿಗೆ ಅದು ತಾಗುವುದಿಲ್ಲ. ಅವನಿಗೆ ಕೇಂದ್ರದ ಕಾನೂನಿನಲ್ಲಿರುವುದು 1994ರಲ್ಲಿ ಸೇರಿಸಿದ ಒಂದೇ ಒಂದು ವಯಸ್ಸಿನ ತಡೆ: 18 ತುಂಬದವರಿಗೆ ಪಿಸ್ತೂಲಿಗೆ ‘ಮಾತ್ರ’ ಹೊಂದುವ ಗುಂಡು ಕೊಡಬಾರದು. ರೈಫಲ್ಲಿಗೂ ಪಿಸ್ತೂಲಿಗೂ ಹೊಂದುವ ಗುಂಡು ಈ ‘ಮಾತ್ರ’ದ ಸಂದಿಯಲ್ಲಿ ಜಾರಿಹೋಗುತ್ತದೆ. ರೈಫಲ್ಲಿನ ಗುಂಡಿಗಂತೂ ಇಂಥ ವ್ಯಾಪಾರಿಗೆ ಕೇಂದ್ರ ಯಾವ ಕನಿಷ್ಠ ವಯಸ್ಸನ್ನೂ ಹೇಳಿಲ್ಲ. ರಾಜ್ಯ ಏನಾದರೂ ಹೇಳಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂದರೆ ಪರವಾನಗಿ ಪಡೆದು ಶಿಸ್ತಿನಿಂದ ವ್ಯಾಪಾರ ಮಾಡುವವನಿಗೆ ನಿಯಮ ಕಠಿಣ. ಪರವಾನಗಿಯ ಗೊಡವೆಗೇ ಹೋಗದವನಿಗೆ ನಿಯಮ ಸಡಿಲ. ಇದು ಉಲ್ಟಾ ಅಲ್ವಾ?

ಅಂಗಡಿಗಳೇ ಗೆರೆ ಎಳೆದಾಗ

ಸರ್ಕಾರ ಬಿಟ್ಟ ಈ ಖಾಲಿ ಜಾಗಕ್ಕೆ ಅಂಗಡಿಗಳು ಒಂದೊಂದಾಗಿ ಬಂದವು. ಪ್ರತಿ ಹೆಜ್ಜೆಯ ಹಿಂದೆಯೂ ಒಂದು ದುರಂತ ಇದೆ.

1999ರಲ್ಲಿ ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಅವರಿಗಾಗಿ ಕೊಂಡ ಪಿಸ್ತೂಲಿನ ಗುಂಡು ಕೆಮಾರ್ಟ್ ಅಂಗಡಿಯದು. ಬದುಕುಳಿದ ವಿದ್ಯಾರ್ಥಿಗಳು ಕಂಪನಿಯ ಮುಖ್ಯ ಕಚೇರಿಗೇ ಹೋಗಿ ಪ್ರಶ್ನೆ ಕೇಳಿದ ಮೇಲೆ, 2001ರಲ್ಲಿ ಕೆಮಾರ್ಟ್ ಪಿಸ್ತೂಲಿನ ಗುಂಡು ಮಾರುವುದನ್ನು ಬಿಡುವುದಾಗಿ ಹೇಳಿತು.

2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತರು. ಕೊಂದವನ ವಯಸ್ಸು 19. ಎರಡೇ ವಾರದಲ್ಲಿ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಎಂಬ ದೊಡ್ಡ ಕ್ರೀಡಾ ಸಾಮಗ್ರಿ ಕಂಪನಿ 21ಕ್ಕಿಂತ ಚಿಕ್ಕವರಿಗೆ ಯಾವ ಬಂದೂಕನ್ನೂ ಮಾರುವುದಿಲ್ಲ ಎಂದು ಘೋಷಿಸಿತು. ಅದೇ ದಿನ ವಾಲ್‌ಮಾರ್ಟ್ ಬಂದೂಕಿಗೂ ಗುಂಡಿಗೂ 21 ಎಂದಿತು. ಈ ನಿರ್ಧಾರದಿಂದ ಸುಮಾರು 25 ಕೋಟಿ ಡಾಲರ್ ವ್ಯಾಪಾರ ತಪ್ಪಿತು ಎಂದು ಡಿಕ್ಸ್‌ನ ಮುಖ್ಯಸ್ಥ ಎಡ್ ಸ್ಟ್ಯಾಕ್ ಆಮೇಲೆ ಹೇಳಿದರು. ನಷ್ಟ ಗೊತ್ತಿದ್ದೂ ಹಿಂದೆ ಸರಿಯಲಿಲ್ಲ ಎಂಬುದನ್ನು ಮೆಚ್ಚಲೇಬೇಕು.

2019ರ ಆಗಸ್ಟ್ 3ರಂದು ಟೆಕ್ಸಸ್‌ನ ಎಲ್ ಪಾಸೊದಲ್ಲಿ ವಾಲ್‌ಮಾರ್ಟ್ ಅಂಗಡಿಯೊಳಗೇ ಹತ್ಯಾಕಾಂಡ ನಡೆಯಿತು. ಒಟ್ಟು 23 ಜನ ಪ್ರಾಣ ಕಳೆದುಕೊಂಡರು. ಶಾಲೆ ಶುರುವಾಗುವ ಮುಂಚಿನ ಖರೀದಿಗೆ ಬಂದಿದ್ದ ಕುಟುಂಬಗಳು ಅವು. ಸೆಪ್ಟೆಂಬರ್ 3ರಂದು ಮುಖ್ಯಸ್ಥ ಡಗ್ ಮೆಕ್‌ಮಿಲನ್ ಉದ್ಯೋಗಿಗಳಿಗೆ ಬರೆದರು: ಇರುವ ದಾಸ್ತಾನು ಮುಗಿದ ಮೇಲೆ ಪಿಸ್ತೂಲಿನ ಗುಂಡು ಬಂದ್, .223 ಮತ್ತು 5.56 ಅಳತೆಯ ರೈಫಲ್ ಗುಂಡೂ ಬಂದ್. ದೇಶದ ಗುಂಡು ವ್ಯಾಪಾರದಲ್ಲಿ ತಮ್ಮ ಪಾಲು ಸುಮಾರು 20 ಪರ್ಸೆಂಟ್‌ನಿಂದ 6-9ಕ್ಕೆ ಇಳಿಯಬಹುದು ಎಂದು ಕಂಪನಿಯೇ ಅಂದಾಜು ಮಾಡಿತು. ಬೇಟೆಗೆ ಬೇಕಾದ ಗುಂಡು ಮಾತ್ರ ಉಳಿಯಿತು.

ಇಲ್ಲಿ ಒಂದು ಮಾತು ಮರೆಯಬಾರದು. ಎಲ್ ಪಾಸೊದ ಹಂತಕನಿಗೆ ಆಗ 21 ತುಂಬಿತ್ತು. ವಯಸ್ಸಿನ ಗೆರೆ ಅವನನ್ನು ತಡೆಯುತ್ತಿರಲಿಲ್ಲ. ಹಾಗೆಯೇ ಒಂದು ಅಂಗಡಿ ಗುಂಡು ಮಾರುವುದನ್ನು ಬಿಟ್ಟರೆ ಗಿರಾಕಿ ರಸ್ತೆ ದಾಟಿ ಇನ್ನೊಂದಕ್ಕೆ ಹೋಗಬಹುದು. ಅಂಗಡಿಯ ನಿಯಮದ ಬಲ ಆ ಅಂಗಡಿಯ ಬಾಗಿಲವರೆಗೆ ಮಾತ್ರ.

ಇದು ತಾರತಮ್ಯವೇ?

18 ಆದವರು ವೋಟು ಹಾಕಬಹುದು, ಸೈನ್ಯ ಸೇರಬಹುದು, ಕಾನೂನು ರೈಫಲ್ಲನ್ನೂ ಕೊಡುತ್ತದೆ. ಹಾಗಿರುವಾಗ ಅಂಗಡಿ ಹೇಗೆ ‘ಇಲ್ಲ’ ಅನ್ನುತ್ತದೆ? ಈ ಪ್ರಶ್ನೆ ಕೋರ್ಟಿಗೂ ಹೋಯಿತು. 2018ರಲ್ಲಿ ಓರೆಗಾನ್‌ನ 20 ವರ್ಷದ ಒಬ್ಬ ಯುವಕ, ಮಿಷಿಗನ್‌ನ 18ರ ಇನ್ನೊಬ್ಬ ಯುವಕ ತಮ್ಮ ತಮ್ಮ ರಾಜ್ಯದ ಕಾನೂನಿನಡಿ ವಯಸ್ಸಿನ ತಾರತಮ್ಯ ಎಂದು ದಾವೆ ಹೂಡಿದರು.

ಅವರು ರಾಜ್ಯದ ಕಾನೂನನ್ನು ಹಿಡಿದದ್ದಕ್ಕೆ ಕಾರಣವಿದೆ. ಹೋಟೆಲು, ಚಿತ್ರಮಂದಿರದಂಥ ಕಡೆ ಭೇದ ಮಾಡಬಾರದು ಎನ್ನುವ ಕೇಂದ್ರದ 1964ರ ನಾಗರಿಕ ಹಕ್ಕು ಕಾಯ್ದೆ ಜನಾಂಗ, ಬಣ್ಣ, ಧರ್ಮ, ಮೂಲ ದೇಶದ ಬಗ್ಗೆ ಹೇಳುತ್ತದೆ. ವಯಸ್ಸಿನ ಬಗ್ಗೆ ಹೇಳುವುದಿಲ್ಲ. ಆದರೆ ಕೆಲವು ರಾಜ್ಯಗಳು ತಮ್ಮ ಕಾನೂನಿನಲ್ಲಿ ವಯಸ್ಸನ್ನೂ ಸೇರಿಸಿವೆ. ಓರೆಗಾನ್, ಮಿಷಿಗನ್ ಆ ಪೈಕಿ. ಉಳಿದ ಕಡೆ ಅಂಗಡಿಯ ಕೈ ಮೇಲಾಗುತ್ತದೆ.

ಬಂದೂಕು ಹೊಂದುವ ಹಕ್ಕನ್ನು ಹೇಳುವ ಸಂವಿಧಾನದ ಎರಡನೇ ತಿದ್ದುಪಡಿಯನ್ನು (1791) ಅಂಗಡಿಯ ಮುಂದೆ ಹಿಡಿಯಲು ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಆ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ಖಾಸಗಿ ವ್ಯಾಪಾರಿ ಏನು ಮಾರಬೇಕು ಎಂದು ಅದು ಹೇಳುವುದಿಲ್ಲ.

ಮನೆಯ ಬಂದೂಕು, ನೆಟ್‌ನ ಗುಂಡು

ವಯಸ್ಸಿನ ಪರೀಕ್ಷೆಗೆ ಎಲ್ಲಿ ನಿಜವಾಗಿ ತೂಕವಿದೆ ಎಂದು ತಿಳಿಯಲು ಒಂದು ಪ್ರಕರಣ ಸಾಕು. 2018ರ ಮೇ 18, ಟೆಕ್ಸಸ್‌ನ ಸಾಂಟಾ ಫೆ ಶಾಲೆ. 10 ಜನ ಸತ್ತರು. ಆರೋಪಿಗೆ ಆಗ 17. ಬಳಕೆಯಾದ ಶಾಟ್‌ಗನ್ ಮತ್ತು ರಿವಾಲ್ವರ್ ಅವನ ತಂದೆಯವು. ಗುಂಡನ್ನು ಮಾತ್ರ ಅವನು ಆನ್‌ಲೈನಿನಲ್ಲಿ ತರಿಸಿದ್ದ. ಗುಂಡು ಮಾರಿದ ಕಂಪನಿ ಅವನ ವಯಸ್ಸನ್ನು ಪರೀಕ್ಷಿಸಲೇ ಇಲ್ಲ ಎಂದು ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ದಾವೆ ಹಾಕಿದವು.

ಇಲ್ಲಿ ಬಂದೂಕು ಕೊಳ್ಳುವ ವಯಸ್ಸನ್ನು 21 ಮಾಡಿದ್ದರೂ ಲಾಭವಿರಲಿಲ್ಲ. ಬಂದೂಕು ಆಗಲೇ ಮನೆಯಲ್ಲಿತ್ತು. ಅವನು ಹೊರಗಿನಿಂದ ಪಡೆಯಬೇಕಾಗಿದ್ದುದು ಗುಂಡೊಂದೇ. ತಡೆ ಹಾಕಲು ಅವಕಾಶವಿದ್ದದ್ದೂ ಅಲ್ಲಿ ಮಾತ್ರ. ಕೋಟ್ಯಂತರ ಮನೆಗಳಲ್ಲಿ ಬಂದೂಕು ಇರುವ ದೇಶದಲ್ಲಿ ಇದು ಅಪರೂಪದ ಸ್ಥಿತಿಯಲ್ಲ. ಆ ದೇಶದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬುದನ್ನು ಇದರ ಜೊತೆ ಇಟ್ಟು ನೋಡಿ. ಮನಸ್ಸು ಕದಡಿದ ಹುಡುಗನೊಬ್ಬನ ಮತ್ತು ಗುಂಡಿನ ಪೊಟ್ಟಣದ ನಡುವೆ ಒಂದು ದಿನದ ಅಂತರ ಬಿದ್ದರೂ ಜೀವ ಉಳಿಯಬಹುದು.

ಕುಟುಂಬಗಳ ದಾರಿ ಸುಲಭವಿರಲಿಲ್ಲ. ಬಂದೂಕು ಮತ್ತು ಗುಂಡಿನ ವ್ಯಾಪಾರಿಗಳಿಗೆ 2005ರ ಒಂದು ಕೇಂದ್ರ ಕಾನೂನು ದೊಡ್ಡ ರಕ್ಷಣೆ ಕೊಟ್ಟಿದೆ. ಗಿರಾಕಿ ಮಾಡಿದ ಅಪರಾಧಕ್ಕೆ ವ್ಯಾಪಾರಿಯ ಮೇಲೆ ದಾವೆ ಹಾಕುವುದು ಕಷ್ಟ. 2012ರಲ್ಲಿ ಕೊಲರಾಡೊದ ಅರೋರಾ ಚಿತ್ರಮಂದಿರದಲ್ಲಿ 12 ಜನರನ್ನು ಕೊಂದವನೂ ಸಾವಿರಾರು ಗುಂಡುಗಳನ್ನು ಆನ್‌ಲೈನಿನಲ್ಲೇ ಕೊಂಡಿದ್ದ. ಆಗ ಮಗಳನ್ನು ಕಳೆದುಕೊಂಡ ತಂದೆ-ತಾಯಿ ಹಾಕಿದ ದಾವೆ ವಜಾ ಆಯಿತು. ಎದುರಾಳಿಗಳ ವಕೀಲರ ಖರ್ಚನ್ನೂ ಅವರೇ ಕೊಡಬೇಕೆಂದು ಆದೇಶವಾಯಿತು. ಓದುವಾಗ ಹೊಟ್ಟೆ ಉರಿಯುತ್ತದೆ. ಸಾಂಟಾ ಫೆ ಪ್ರಕರಣ ಮಾತ್ರ ಉಳಿದುಕೊಂಡಿತು. 2023ರಲ್ಲಿ ರಾಜಿಯಾಗಿ, ವಯಸ್ಸು ಪರೀಕ್ಷಿಸುವ ವ್ಯವಸ್ಥೆ ಇಟ್ಟುಕೊಳ್ಳಲು ಕಂಪನಿ ಒಪ್ಪಿತು.

ಇದರ ಪಕ್ಕದಲ್ಲಿ ಆ ದಿನಸಿ ಅಂಗಡಿಯ ಯಂತ್ರವನ್ನು ಇಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ. ಅಮೆರಿಕನ್ ರೌಂಡ್ಸ್ ಎಂಬ ಕಂಪನಿಯ ಈ ಯಂತ್ರಗಳು ಗುರುತಿನ ಚೀಟಿಯನ್ನು ಸ್ಕ್ಯಾನ್ ಮಾಡುತ್ತವೆ, ಕ್ಯಾಮೆರಾದಲ್ಲಿ ಮುಖ ಹೋಲಿಸುತ್ತವೆ, 21 ತುಂಬದಿದ್ದರೆ ಗುಂಡು ಕೊಡುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಹಾಲಿನ ಫ್ರಿಜ್ಜಿನ ಪಕ್ಕ ಗುಂಡಿನ ಯಂತ್ರ ಕಂಡರೆ ಎದೆ ಝಲ್ಲೆನ್ನುವುದು ಸಹಜ. ಆದರೆ ‘18 ಆಗಿದೆ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಸಾಕು ಎನ್ನುವ ವೆಬ್‌ಸೈಟಿಗಿಂತ ಆ ಯಂತ್ರ ಜಾಸ್ತಿ ಬಿಗಿ. ನಿಜವಾದ ಅಪಾಯ ಕಣ್ಣಿಗೆ ಕಾಣದ ಕಡೆ ಇದೆ.

ರಾಜ್ಯಗಳ ದಾರಿ ಬೇರೆ ಬೇರೆ

ಕೇಂದ್ರದ ಮೌನವನ್ನು ಕೆಲವು ರಾಜ್ಯಗಳು ತುಂಬಿವೆ. ಇಲಿನಾಯ್‌ನಲ್ಲಿ ಗುಂಡು ಕೊಳ್ಳಲು ಬಂದೂಕು ಮಾಲೀಕರ ಗುರುತಿನ ಕಾರ್ಡು ತೋರಿಸಬೇಕು. ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ನಲ್ಲೂ ಒಂದಲ್ಲ ಒಂದು ಪರವಾನಗಿ ಬೇಕು. ನ್ಯೂಯಾರ್ಕ್ 2023ರ ಸೆಪ್ಟೆಂಬರ್‌ನಿಂದ ಗುಂಡಿಗೂ ಹಿನ್ನೆಲೆ ಪರೀಕ್ಷೆ ಮಾಡುತ್ತಿದೆ.

ಎಲ್ಲಕ್ಕಿಂತ ಮುಂದೆ ಹೋದದ್ದು ಕ್ಯಾಲಿಫೋರ್ನಿಯಾ. 2016ರಲ್ಲಿ ಅಲ್ಲಿನ ಮತದಾರರೇ ಒಪ್ಪಿದ ಪ್ರಸ್ತಾವದ ಬೆನ್ನಿಗೆ, 2019ರ ಜುಲೈ 1ರಿಂದ ಪ್ರತಿ ಸಲ ಗುಂಡು ಕೊಳ್ಳುವಾಗಲೂ ಹಿನ್ನೆಲೆ ಪರೀಕ್ಷೆ. ಪಕ್ಕದ ನೆವಾಡಾದಿಂದ ಸುಮ್ನೆ ಕೊಂಡು ತರುವುದಕ್ಕೂ ತಡೆ. ಆದರೆ ಆಚರಣೆಯಲ್ಲಿ ತೊಡಕಾಯಿತು. ದಾಖಲೆಯಲ್ಲಿ ವಿಳಾಸ ಹೊಂದದ ಕಾರಣಕ್ಕೆ ಅರ್ಹರಾದ ಎಷ್ಟೋ ಜನರೂ ಬರಿಗೈಯಲ್ಲಿ ವಾಪಸಾದರು. ಒಲಿಂಪಿಕ್ಸ್ ಪದಕ ಗೆದ್ದ ಶೂಟರ್ ಕಿಮ್ ರೋಡ್ ಈ ಕಾನೂನಿನ ವಿರುದ್ಧ ಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ನ್ಯಾಯಾಧೀಶ ರೋಜರ್ ಬೆನಿಟೆಜ್ ಕಾನೂನು ಅಸಿಂಧು ಎಂದರು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರ ಪೀಠವೂ 2-1ರಿಂದ ಅದೇ ದಾರಿ ಹಿಡಿಯಿತು.

ಇದರಲ್ಲಿ ಕೊಲರಾಡೊಗೂ ಪಾಠ ಇದೆ. ಕಾನೂನು ಬರೆಯುವುದು ಒಂದು, ಕೌಂಟರಿನಲ್ಲಿ ನಡೆಸುವುದು ಇನ್ನೊಂದು. ದಾಖಲೆ ಸರಿಯಿಲ್ಲದಿದ್ದರೆ ಒಳ್ಳೆಯ ಉದ್ದೇಶದ ನಿಯಮವೂ ಸಾಮಾನ್ಯ ಬೇಟೆಗಾರನ ಸಿಟ್ಟಿಗೆ ಗುರಿಯಾಗುತ್ತದೆ.

ಕೋರ್ಟುಗಳು 1791ಕ್ಕೆ ಹೋಗಿ ಬರುವುದು ಯಾಕೆ?

2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯೂಯಾರ್ಕಿನ ಬ್ರೂಯೆನ್ ಪ್ರಕರಣದಲ್ಲಿ ಹೊಸ ಅಳತೆಗೋಲು ಕೊಟ್ಟಿತು. ಬಂದೂಕಿನ ನಿಯಮದಿಂದ ಇವತ್ತು ಸಮಾಜಕ್ಕೆ ಎಷ್ಟು ಲಾಭ ಎಂಬುದು ಈಗ ಮುಖ್ಯವಲ್ಲ. ದೇಶದ ಹಳೆಯ ಇತಿಹಾಸದಲ್ಲಿ ಅಂಥ ನಿಯಮದ ಸಂಪ್ರದಾಯ ಇತ್ತೇ ಎಂಬುದು ಮುಖ್ಯ. ಅದೇ ಕೋರ್ಟಿನ 2024ರ ರಹೀಮಿ ತೀರ್ಪು ಇದನ್ನು ಸ್ವಲ್ಪ ಮೆದು ಮಾಡಿತು: ಪಡಿಯಚ್ಚಿನಂಥ ಹಳೆಯ ಕಾನೂನು ಬೇಕಿಲ್ಲ, ತತ್ವ ಹೊಂದಿದರೆ ಸಾಕು.

ಈ ಅಳತೆಗೋಲು ಹಿಡಿದು ಇಬ್ಬರು ಅಳೆದರೆ ಎರಡು ಉತ್ತರ ಬರುತ್ತದೆ ಎಂಬುದಕ್ಕೆ 2025ರ ಆ ಎರಡು ತೀರ್ಪುಗಳೇ ಸಾಕ್ಷಿ. ಟೆಕ್ಸಸ್, ಲೂಸಿಯಾನ, ಮಿಸಿಸಿಪ್ಪಿಗಳಿಗೆ ಸೇರಿದ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ನೋಡಿದ್ದು 1792ರ ಸೇನಾ ಕಾಯ್ದೆಯನ್ನು. ಅದರಲ್ಲಿ 18 ತುಂಬಿದ ಗಂಡಸರು ಬಂದೂಕು ಹಿಡಿದು ಬರಬೇಕಿತ್ತು. ಹಾಗಾದರೆ 18 ಆದವರಿಗೆ ಹಕ್ಕಿದೆ ಎಂದಿತು. ವರ್ಜೀನಿಯಾ, ಮೇರಿಲ್ಯಾಂಡ್ ಮೊದಲಾದ ರಾಜ್ಯಗಳ ನಾಲ್ಕನೇ ಸರ್ಕ್ಯೂಟ್ ನೋಡಿದ್ದು ಹಳೆಯ ಒಪ್ಪಂದದ ಕಾನೂನನ್ನು. ಆಗ 21 ತುಂಬದವರನ್ನು ಕಾನೂನು ಎಳೆಯರೆಂದೇ ಎಣಿಸುತ್ತಿತ್ತು. ಅವರು ಮಾಡಿದ ಖರೀದಿಯನ್ನು ಅವರೇ ಮುರಿಯಬಹುದಿತ್ತು. ಹಾಗಾಗಿ ವ್ಯಾಪಾರಿಗಳು ಅವರಿಗೆ ಮಾರಲು ಹಿಂಜರಿಯುತ್ತಿದ್ದರು. ಆದ್ದರಿಂದ ಮಾರಾಟಕ್ಕೆ 21ರ ಗೆರೆ ಹೊಸದಲ್ಲ ಎಂದಿತು.

ಎರಡೂ ಇತಿಹಾಸ ನಿಜ. ಎರಡನ್ನೂ ಓದಿದ ಮೇಲೂ, ನೆಟ್‌ನಲ್ಲಿ ಗುಂಡು ತರಿಸುವ 17ರ ಹುಡುಗನ ಬಗ್ಗೆ ಏನೂ ತಿಳಿಯುವುದಿಲ್ಲ.

ಎರಡು ಕಡೆಯವರ ವಾದದಲ್ಲೂ ತೂಕ ಇದೆ. ದೇಶಕ್ಕಾಗಿ ಹೋರಾಡಲು 18 ಸಾಕಾದರೆ, ಒಂಟಿಯಾಗಿ ಬದುಕುವ 19ರ ಹುಡುಗಿ ತನ್ನ ರಕ್ಷಣೆಗೆ ಗುಂಡು ಕೊಳ್ಳಲು ಯಾಕೆ ಕಾಯಬೇಕು ಎಂದು ಒಂದು ಕಡೆಯವರು ಕೇಳುತ್ತಾರೆ. ಸೈನ್ಯದಲ್ಲಿ ಹುಡುಗನ ಕೈಗೆ ಬಂದೂಕು ಕೊಡುವ ಮುಂಚೆ ತಿಂಗಳುಗಟ್ಟಲೆ ತರಬೇತಿ ಇದೆ, ಮೇಲೆ ಅಧಿಕಾರಿಯಿದ್ದಾನೆ, ಅಂಗಡಿಯಲ್ಲಿ ಅದ್ಯಾವುದೂ ಇಲ್ಲ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಬಿಯರ್‌ಗೆ 21, 2019ರಿಂದ ಸಿಗರೇಟಿಗೂ 21, ಗುಂಡಿಗೆ ಯಾಕೆ ಬೇಡ? ಟೆಕ್ಸಸ್‌ನ ಯುವಾಲ್ಡಿಯಲ್ಲಿ 2022ರಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನು, 18 ತುಂಬಿದ ಕೆಲವೇ ದಿನಗಳಲ್ಲಿ ಎರಡು ರೈಫಲ್ ಮತ್ತು 375 ಗುಂಡುಗಳನ್ನು ಕಾನೂನುಬದ್ಧವಾಗಿಯೇ ಕೊಂಡಿದ್ದ. ಹುಟ್ಟುಹಬ್ಬಕ್ಕಾಗಿಯೇ ಕಾದಿದ್ದವನ ಹಾಗೆ. ಅಲ್ಲಿ 21ರ ಗೆರೆ ಖಂಡಿತ ಅಡ್ಡ ಬರುತ್ತಿತ್ತು. ಆ ದುರಂತದ ನಂತರ ಕೇಂದ್ರ ತಂದ ಕಾಯ್ದೆ 21ರೊಳಗಿನವರು ಬಂದೂಕು ಕೊಳ್ಳುವಾಗ ಹಿನ್ನೆಲೆ ಪರೀಕ್ಷೆಯನ್ನು ಬಿಗಿ ಮಾಡಿತು. ಗುಂಡಿನ ಖರೀದಿಯನ್ನು ಮುಟ್ಟಲಿಲ್ಲ.

ಅಲ್ಲಿರುವ ಕನ್ನಡಿಗರು ಗಮನಿಸಬೇಕಾದದ್ದು

ಡಲ್ಲಾಸ್, ಹ್ಯೂಸ್ಟನ್ ಕಡೆ ಕೆಲಸ ಮಾಡುವ, ಓದುವ ನಮ್ಮವರು ಬಹಳ. ಅಂಥವರಿಗೆ ವಯಸ್ಸಿಗಿಂತ ವೀಸಾ ಮುಖ್ಯ. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಕೊಳ್ಳುವುದು, ಇಟ್ಟುಕೊಳ್ಳುವುದು ಕೇಂದ್ರದ ಕಾನೂನಿನಲ್ಲಿ ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಗುಂಡಿನ ಕೌಂಟರಿನಲ್ಲಿ ಯಾರೂ ವೀಸಾ ಕೇಳದೆ ಹೋಗಬಹುದು. ಕೇಳಲಿಲ್ಲ ಎಂದಮಾತ್ರಕ್ಕೆ ಕೊಂಡದ್ದು ಸರಿಯಾಗುವುದಿಲ್ಲ. ಸಿಕ್ಕಿಬಿದ್ದರೆ ಜೈಲಷ್ಟೇ ಅಲ್ಲ, ಗಡೀಪಾರೂ ಆಗಬಹುದು. ವಾರಾಂತ್ಯಕ್ಕೆ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಬಂದೂಕು ಹಿಡಿಯುವ ಮುಂಚೆಯೂ ಇದನ್ನು ಯೋಚಿಸಬೇಕು.

ರೇಂಜಿಗೆ ಒಯ್ದ ಬ್ಯಾಗನ್ನೇ ಊರಿಗೆ ತರುವವರಿಗೆ ಇನ್ನೊಂದು ಮಾತು. ಭಾರತದಲ್ಲಿ ಪರವಾನಗಿಯಿಲ್ಲದೆ ಒಂದೇ ಒಂದು ಜೀವಂತ ಗುಂಡು ಬ್ಯಾಗಿನಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು. ಗೊತ್ತಿದ್ದೇ ಇಟ್ಟುಕೊಂಡಿದ್ದರೋ ಎಂದು ಕೋರ್ಟು ಆಮೇಲೆ ನೋಡುತ್ತದೆ. ವಿಮಾನವಂತೂ ತಪ್ಪುತ್ತದೆ.

ನಮ್ಮ ವ್ಯವಸ್ಥೆ ಅಮೆರಿಕದ್ದಕ್ಕಿಂತ ಮೂಲದಲ್ಲೇ ಬೇರೆ. 1959ರ ಕಾಯ್ದೆಯಲ್ಲಿ ಬಂದೂಕಿಗೂ ಗುಂಡಿಗೂ 21 ವರ್ಷ. ಗುರಿ ಹೊಡೆಯುವ ಕ್ರೀಡೆಯ ಕಿರಿಯರಿಗಷ್ಟೇ ಬೇರೆ ನಿಯಮ. ಎಷ್ಟು ಗುಂಡು ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ಇರುತ್ತದೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡುವ ಆ ನಾಡಿನವರಿಗೆ, ಬಂದೂಕು ಮನೆತನದ ವಸ್ತು ಎಂಬ ಅಮೆರಿಕದ ಹಳ್ಳಿಗರ ಮಾತು ಬೇಗ ಅರ್ಥವಾದೀತು. ವ್ಯತ್ಯಾಸ ಇಷ್ಟೇ: ಇಲ್ಲಿ ವಿನಾಯಿತಿಗೂ ಒಂದು ದಾಖಲೆ ಇದೆ.

ಮುಂದೇನು?

ಎರಡು ಸರ್ಕ್ಯೂಟ್‌ಗಳು ಎದುರುಬದುರಾದಾಗ ಕೊನೆಯ ಮಾತು ಸುಪ್ರೀಂ ಕೋರ್ಟಿನದು. ಅದು 18ರ ಪರವಾಗಿ ಹೇಳಿದರೆ, ಪಿಸ್ತೂಲಿನ ಗುಂಡಿಗೆ ಇರುವ 21ರ ನಿಯಮವೂ ಅಲುಗಾಡುತ್ತದೆ. 1968ರ ಕಾಯ್ದೆಯಲ್ಲಿ ಎರಡೂ ಒಂದೇ ವಾಕ್ಯದಲ್ಲಿವೆ. ಕೊಲರಾಡೊದ ಹೊಸ ಕಾನೂನಿಗೂ ಅದರ ಬಿಸಿ ತಟ್ಟುತ್ತದೆ. ಆದರೂ ವಾಲ್‌ಮಾರ್ಟ್‌ನಂಥ ಅಂಗಡಿಯ 21 ಹಾಗೇ ಉಳಿಯಬಹುದು. ಅದು ಸರ್ಕಾರದ ನಿಯಮವಲ್ಲವಲ್ಲ.

21ರ ಪರವಾಗಿ ಹೇಳಿದರೆ ಹೆಚ್ಚು ರಾಜ್ಯಗಳು ಕೊಲರಾಡೊದ ದಾರಿ ಹಿಡಿಯಬಹುದು. ಆಗಲೂ ಪರವಾನಗಿಯಿಲ್ಲದ ಮಾರಾಟಗಾರನಿಗೆ ಕೇಂದ್ರದ ವಯಸ್ಸಿನ ನಿಯಮ ತಾಗುವುದಿಲ್ಲ. ತೀರ್ಪು ಇರುವ ನಿಯಮವನ್ನು ಉಳಿಸಬಹುದು ಅಥವಾ ಕೆಡವಬಹುದು. ಇಲ್ಲದ ನಿಯಮವನ್ನು ಬರೆಯಲಾರದು. ‘ಪರವಾನಗಿ ಪಡೆದ’ ಎಂಬ ಎರಡು ಪದಗಳ ಆಚೆ ಆ ನಿಯಮವನ್ನು ಹಬ್ಬಿಸುವ ಅಧಿಕಾರ ಇರುವುದು ಅಮೆರಿಕದ ಸಂಸತ್ತಿಗೆ. 1986ರಲ್ಲಿ ಪುಸ್ತಕ ಮುಚ್ಚಿದ್ದೂ ಅದೇ.